ನಿಂಬೆಹಣ್ಣು ಇಟ್ಟೆವು... ಕಲ್ಲು ಮರೆತೆವು

ಹೊಸದಾಗಿ ಟ್ರೈಲರ್ ಕೊಂಡವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಇದನ್ನು ಓದಿಸಿ... ಕೊಳ್ಳದವರೂ ಓದಬಹುದು.

ನಮ್ಮ ಯಜಮಾನರು ತುಮಕೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಹಬ್ಬ ಬಂದರೆ ಊರಿಗೆಲ್ಲ ರಜಾ, ನಮಗೆ ಮಾತ್ರ ಸೀಸನ್...

ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಒಂದು ಪ್ರವಾಸ ಹೋದವರಲ್ಲ.

ವಯಸ್ಸಾದ ಮೇಲೆ ಅಂಗಡಿ ಬಿಟ್ಟುಕೊಟ್ಟು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರ್ ತಂದರು. ಪುಟ್ಟ ಮನೆಯೇ ಅದು. ಒಳಗೇ ಮಂಚ, ಒಳಗೇ ಅಡುಗೆ ಕಟ್ಟೆ!

"ಇನ್ಮೇಲೆ ನೀನು ತೋರಿಸಿದ ಕಡೆಗೆ ಹೋಗೋದೇ ಕಣೇ" ಅಂದರು.

ಮೊದಲ ಪ್ರಯಾಣ... ಒಂದು ದೊಡ್ಡ ಕೆರೆಯ ದಂಡೆಯ ಕ್ಯಾಂಪ್. ಆಗಲೇ ನಾಲ್ಕಾರು ಗಾಡಿಗಳು ನಿಂತಿದ್ದವು.

ನೆಲ ನೀರಿನ ಕಡೆಗೆ ಸ್ವಲ್ಪ ಇಳಿಜಾರು. ನಮಗೆ ನೀರು ಕಂಡಿತೇ ಹೊರತು ಇಳಿಜಾರು ಕಾಣಲಿಲ್ಲ.

ದೃಷ್ಟಿಯಾಗದಿರಲಿ ಅಂತ ನಾನು ಚಕ್ರಗಳ ಹಿಂದೆ ಒಂದೊಂದು ನಿಂಬೆಹಣ್ಣು ಇಟ್ಟು ಕರ್ಪೂರ ಬೆಳಗಿದೆ. ಆಮೇಲೆ ಟ್ರೈಲರ್ ಹಿಂದೆ ನಿಂತು ಕೆರೆ ನೋಡುತ್ತಿದ್ದೆ.

ಇವರು ಮುಂದೆ ಕಾರಿನ ಕೊಂಡಿ ಬಿಚ್ಚಲು ಬಗ್ಗಿದರು...

"ಏಯ್! ಕೈ ತಗೀರಿ! ಯಕ್ಕಾ, ಹಿಂದ ನಿಂದರಬ್ಯಾಡ್ರಿ, ಬಾಜೂಕ ಸರೀರಿ!"

ಪಕ್ಕದ ಟ್ರೈಲರ್‌ನಿಂದ ಗದಗ ಕಡೆಯ ಹಿರಿಯರು, ಗುರುಶಾಂತಪ್ಪನವರು, ಬರಿಗಾಲಲ್ಲಿ ಓಡಿ ಬಂದರು. ನಾನು ಪಕ್ಕಕ್ಕೆ ಸರಿದೆ. ಅವರು ದಪ್ಪ ಕಲ್ಲು ತಂದು ಚಕ್ರಗಳ ಹಿಂದೆ ಇಟ್ಟರು.

"ಲಿಂಬಿಹಣ್ಣು ದೇವರಿಗೆ, ಕಲ್ಲು ಗಾಲಿಗೆ! ಅಷ್ಟೂ ತಿಳಿಯಂಗಿಲ್ಲೇನ್ರೀ? ಮನಿಯಾಕಿನ್ನ ನೀರಿಗೆ ನೂಕಾಕ ಕರ್ಕೊಂಡು ಬಂದೀರೇನು?"

ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು. ಇವರ ಮುಖ ಕೆಂಪಾಯಿತು.

ಮತ್ತೆ ಬಗ್ಗಿ ಕೊಂಡಿ ಬಿಚ್ಚಿದರು. ಟ್ರೈಲರ್ ಗಡಕ್ಕೆಂದು ಹಿಂದೆ ಸರಿದು ಕಲ್ಲಿಗೆ ಒರಗಿ ನಿಂತಿತು... ನಿಂಬೆಹಣ್ಣು ಅಪ್ಪಚ್ಚಿ!

ನಾನು ನಿಂತಿದ್ದ ಜಾಗ ಅದರ ಹಿಂದೆಯೇ ಇತ್ತು.

ಇವರು ಕುರ್ಚಿಯಲ್ಲಿ ಕುಸಿದರು.

"ನನ್ನಿಂದ ಆಗಲ್ಲ ಕಣೇ. ಎಲ್ಲರೆದುರು ಮರ್ಯಾದೆನೂ ಹೋಯ್ತು... ಊರಿಗೆ ಹೋಗೋಣ. ಇದನ್ನ ಮಾರಿಬಿಡ್ತೀನಿ."

ನನಗೆ ಗೊತ್ತಿತ್ತು... ಈಗ ವಾಪಸ್ ಹೋದರೆ ಈ ಜನ್ಮದಲ್ಲಿ ಮತ್ತೆ ಹೊರಡುವುದಿಲ್ಲ.

ಆಗ ಗುರುಶಾಂತಪ್ಪನವರ ಹೆಂಡತಿ ಕಸ್ತೂರವ್ವ ಬಂದರು. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಮಂಡಕ್ಕಿ ಗಿರಮಿಟ್ ಡಬ್ಬಿ.

ಮೊಣಕಾಲಿನ ಕೆಳಗೆ ಅವರ ಎಡಗಾಲು ಇರಲಿಲ್ಲ.

"ನಮ್ಮವರು ಬೈದ್ರು ಅಂತ ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಮ್ಮ ಮೊದಲನೇ ಟ್ರಿಪ್‌ನ್ಯಾಗ ನಾನೂ ಹಿಂಗ ಹಿಂದ ನಿಂತಿದ್ದೆ..."

"ಗಾಲಿಗೆ ಕಲ್ಲಿಲ್ಲ ಅನ್ನೋದನ್ನ ಸುತ್ತ ಇದ್ದ ಮಂದಿ ನೋಡಿದ್ರಂತ. ವಯಸ್ಸಾದವರಿಗೆ ಹೆಂಗ ಹೇಳೋದು, ಬ್ಯಾಸರ ಮಾಡ್ಕೋತಾರ ಅಂತ ಸುಮ್ನಾದ್ರಂತ..."

ಡಬ್ಬಿ ಹಿಡಿದ ಕೈಯಲ್ಲೇ ಎಡ ಮೊಣಕಾಲು ತೋರಿಸಿದರು.

"ಅವತ್ತು ನಮಗ ಯಾರರ ಒಬ್ರು ಬೈದಿದ್ರ ಈ ಕಾಲು ಇರ್ತಿತ್ತು ಅಣ್ಣಾರ. ಅದಕ್ಕ ಇವರು ಎಲ್ಲಾರಿಗೂ ಬೈತಾರ."

ನನ್ನ ಕಣ್ಣು ತುಂಬಿತು. "ಅಷ್ಟಾದ ಮೇಲೂ ಹೊರಟಿರಲ್ಲ ತಾಯಿ?"

"ಇವರೂ ಗಾಡಿ ಮಾರತೀನಿ ಅಂದ್ರು. ಕಾಲು ಹೋಗೇತಿ, ಊರು ನೋಡಾಕ ಕಣ್ಣಿಲ್ಲೇನು ಅಂದೆ! ತಗೋರಿ, ಗಿರಮಿಟ್ ಮೆತ್ತಗಾಗ್ತೈತಿ" ಅಂತ ನಕ್ಕರು.

ನಮ್ಮ ಯಜಮಾನರು ಎದ್ದರು. ದೂರದಲ್ಲಿ ಮುಖ ತಿರುಗಿಸಿ ನಿಂತಿದ್ದ ಗುರುಶಾಂತಪ್ಪನವರ ಎರಡೂ ಕೈ ಹಿಡಿದುಕೊಂಡರು.

"ಮುಂದಿನದೂ ಹೇಳಿಕೊಡಿ ಸ್ವಾಮಿ... ಬೈದೇ ಹೇಳಿಕೊಡಿ, ಪರವಾಗಿಲ್ಲ."

ಅವರು ಬೈಯುತ್ತಲೇ ಎಲ್ಲ ಕಲಿಸಿದರು...

ಮೊದಲು ಒಳಗೆ ತಟ್ಟೆಯಲ್ಲಿ ನೀರಿಟ್ಟು ನೋಡಿ, ವಾಲಿದ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಬೇಕು. ಆಮೇಲೆ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ತಡೆ. ಅದಾದ ಮೇಲೇ ಕೊಂಡಿ ಬಿಚ್ಚುವುದು.

ಟ್ರೈಲರ್‌ನ ನಾಲ್ಕು ಮೂಲೆಯಲ್ಲಿ ನೆಲಕ್ಕೆ ಇಳಿಸುವ ಕಬ್ಬಿಣದ ಕಾಲುಗಳು ಗಾಡಿ ಅಲುಗಾಡದಿರಲು ಮಾತ್ರ, ಎತ್ತುವುದಕ್ಕಲ್ಲ. ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುವುದಿಲ್ಲ ಅಂತ ನೋಡಿಕೊಂಡೇ ಒಲೆ ಹಚ್ಚಬೇಕು.

ಗಾಳಿ ಎದ್ದರೆ ಬಾಗಿಲ ಮುಂದಿನ ಬಟ್ಟೆಯ ಚಪ್ಪರ ಸುತ್ತಿಡಬೇಕು. "ಬಟ್ಟಿ ಅಂಗಡಿ ಸಾವಕಾರ್ರಲ್ಲ ನೀವು? ಥಾನು ಸುತ್ತಿದಂಗ ಸುತ್ರಿ!"

ಇವರು ಅಂದು ಮೊದಲ ಸಲ ನಕ್ಕರು. ನಾವು ಊರಿಗೆ ಹೋಗಲಿಲ್ಲ.

ಮೊನ್ನೆ ಇನ್ನೊಂದು ಕ್ಯಾಂಪ್‌ನಲ್ಲಿ ಹೊಸ ಜೋಡಿಯೊಂದು ಬಂದಿತ್ತು. ಗಂಡ ಕೊಂಡಿಗೆ ಕೈ ಹಾಕಿದ್ದ, ಚಕ್ರಕ್ಕೆ ತಡೆ ಇರಲಿಲ್ಲ.

ಅಂಗಡಿಯಲ್ಲಿ ಒಬ್ಬ ಗಿರಾಕಿಗೂ ದನಿ ಎತ್ತದಿದ್ದ ನಮ್ಮ ಯಜಮಾನರು "ಏಯ್! ಕೈ ತೆಗಿ!" ಅಂತ ಕೂಗುತ್ತಾ ಓಡಿದರು.

ಆತ ಮುಖ ಗಂಟಿಕ್ಕಿದ...

ನಾನು ಗಿರಮಿಟ್ ಡಬ್ಬಿ ತೆಗೆದುಕೊಂಡು ಹಿಂದೆಯೇ ಹೋದೆ.

ಸಮಯಕ್ಕೆ ಬಂದ ಗದರಿಕೆಯೂ ಒಂದು ಆಸರೆ.

ನಿಮ್ಮನ್ನು ಉಳಿಸಿದ ಬೈಗುಳ ಯಾರದ್ದು... ಅವರಿಗೊಂದು ಥ್ಯಾಂಕ್ಸ್ ಹೇಳಿದ್ದೀರಾ?