ಒಂದೇ ಕ್ಯಾನು

ದಲಿತರ ಕೇರಿಯಿಂದ ಊರಿನ ಹಾಲಿನ ಸಂಘ ಸೇರಿದವಳು ದೊಡ್ಡತಾಯಮ್ಮ ಒಬ್ಬಳೇ. ಎಲ್ಲರದೂ ಮುಗಿದ ಮೇಲೆ ಅವಳ ಹಾಲನ್ನು ಮೂಲೆಯ ಬೇರೆ ಕ್ಯಾನಿಗೆ ಸುರಿಸುತ್ತಿದ್ದರು.

ವಾರ್ಷಿಕ ಸಭೆಗೆ ತಾಲ್ಲೂಕಿನ ಅಧಿಕಾರಿ ಬಂದಿದ್ದರು. ಅಧ್ಯಕ್ಷರು ಮೈಕು ಹಿಡಿದು, "ಸಹಕಾರ ಅಂದ್ರೆ ಮೇಲು ಕೀಳು ಇಲ್ಲ. ನೂರು ಷೇರು ಇರೋನ್ಗೂ ಒಂದೇ ಓಟು, ಒಂದು ಷೇರು ಇರೋನ್ಗೂ ಒಂದೇ ಓಟು" ಎಂದರು.

ದೊಡ್ಡತಾಯಮ್ಮ ಎದ್ದು ನಿಂತಳು. "ಅಂಗಾದ್ರೆ ನನ್ನ ಹಾಲ್ಗೆ ಯಾಕೆ ಬ್ಯಾರೆ ಕ್ಯಾನು?"

ಸಭೆ ತಲೆ ತಗ್ಗಿಸಿತು. ಅಧ್ಯಕ್ಷರು ಅಧಿಕಾರಿಯ ಮುಖ ನೋಡಿ ಬೆವರೊರೆಸಿಕೊಂಡರು. "ಓಟಿಗೇ ಹಾಕಾನ. ಇನ್ಮೇಲೆ ಎಲ್ರ ಹಾಲೂ ಒಂದೇ ಕ್ಯಾನಿಗೆ ಅನ್ನೋರು ಕೈ ಎತ್ತಿ."

ಒಂದೊಂದಾಗಿ ಎಲ್ಲರ ಕೈಗಳೂ ಮೇಲೆದ್ದವು. ದೊಡ್ಡತಾಯಮ್ಮನ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಅವಳು ದೊಡ್ಡ ಕ್ಯಾನಿನ ಮುಚ್ಚಳ ತೆಗೆದು ತನ್ನ ಹಾಲು ಸುರಿದಳು. ಒಳಗೆ ಬೇರೆ ಯಾರ ಹಾಲೂ ಇರಲಿಲ್ಲ.

"ಮಿಕ್ಕೋರೆಲ್ಲ ಎಲ್ಲೋದ್ರಣ್ಣ?"

ಸಂಘದ ಕಾರ್ಯದರ್ಶಿ ಅವಳ ಮುಖ ನೋಡದೆ ರಸ್ತೆಯತ್ತ ಕೈ ತೋರಿಸಿದ.

ಅಲ್ಲಿ ಖಾಸಗಿ ಡೈರಿಯ ಗಾಡಿಯ ಮುಂದೆ ಊರಿಗೆ ಊರೇ ಹಾಲು ಹಿಡಿದು ಸಾಲುಗಟ್ಟಿತ್ತು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು ನಿಂತಿದ್ದರು.