ಎತ್ತದ ಕೈ

“ಕೈ ಎತ್ತೇ, ಎಲ್ರೂ ನೋಡ್ತಾವ್ರೆ!” ಎಂದು ಹನುಮಕ್ಕ ಮೊಮ್ಮಗಳ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದಳು. ಬಸ್ ನಿಲ್ದಾಣವನ್ನು ಹೆದ್ದಾರಿಯ ಆಚೆಗೆ ಒಯ್ಯಲು ಗ್ರಾಮಸಭೆಯೆಲ್ಲ ಕೈ ಎತ್ತಿ ಒಪ್ಪಿತ್ತು. ಇಪ್ಪತ್ತರ ದಿವ್ಯಶ್ರೀ ಮಾತ್ರ ಕೈ ಬಿಡಿಸಿಕೊಂಡು, ಹಕ್ಕಿಯನ್ನು ಗೂಡಿಗೆ ಮರಳಿಸುವಂತೆ ಮಡಿಲಲ್ಲಿಟ್ಟಳು.

ಅರಸೀಕೆರೆಯ ವಿಶೇಷ ಮಕ್ಕಳ ಶಾಲೆಯಲ್ಲಿ ಅವಳಿಗೆ ‘ಒಪ್ಪದಿದ್ದರೆ ಎತ್ತಬೇಡಿ’ ಎಂದು ಕಲಿಸಿದ್ದ ಶಿಕ್ಷಕಿ ಮೇಧಿನಿ ಹಿಂದೆ ಕುಳಿತಿದ್ದರು. ಅವಳ ಪರವಾಗಿ ಮಾತನಾಡಲು ಎದ್ದವರು, ಅವಳೇ ಹೇಳಲಿ ಎಂದು ತಡೆದುಕೊಂಡು ಕುಳಿತರು.

“ಏನವ್ವಾ, ನಿಂಗೇನ್ ತೊಂದ್ರೆ?” ಅಧ್ಯಕ್ಷ ಗುರುಮೂರ್ತಿ ನಕ್ಕರು.

ಮಾತು ಕೂಡಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು. “ಈಗ ನಾನೊಬ್ಳೇ ಬಸ್ಸಿಗೆ ಹೋಯ್ತೀನಿ. ಆ ದೊಡ್ಡ ರೋಡ್ ದಾಟಕ್ಕೆ ನಂಗೆ ಬರಲ್ಲ. ಮತ್ತೆ ಅಜ್ಜಿನೇ ಕರ್ಕೊಂಡ್ ಹೋಗ್ಬೇಕು.”

ನಗು ಅಡಗಿತು. “ಬರ್ಕೊಳ್ರೀ, ವಿರೋಧ ಒಂದು,” ಎಂದರು ಅಧ್ಯಕ್ಷರು.

ಇನ್ನೂ ಎತ್ತಿಯೇ ಇದ್ದ ತನ್ನ ಕೈಯನ್ನು ಹನುಮಕ್ಕ ಇಳಿಸಿದಳು. “ಎರಡು ಕಣಪ್ಪಾ.”