ಸ್ವಂತ ವಾಕ್ಯ

ಮಹಡಿ ಮನೆಯ ಕನ್ನಡ ಟೀಚರ್ ನಿವೃತ್ತರಾಗಿದ್ದು ಶಾಲೆಯಿಂದ ಮಾತ್ರ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ತಿದ್ದುತ್ತಿದ್ದರು. ಅಂಥವರು ಪುಳಿಯೋಗರೆ ತುಂಬಿ ಕೊಟ್ಟ ಸ್ಟೀಲ್ ಡಬ್ಬಿ ಎರಡು ತಿಂಗಳಾದರೂ ಕೆಳಗಿನ ಮನೆಯಿಂದ ವಾಪಸ್ ಬರಲಿಲ್ಲವೆಂದರೆ ಸುಮ್ಮನಿರುತ್ತಾರೆಯೇ? ಮೆಟ್ಟಿಲಿಳಿದು ಬಂದು, ಆ ಮನೆಯ ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಪಾಠ ಶುರುಮಾಡಿದರು.

"ದಕ್ಕಿಸಿಕೊಳ್ಳೋದು ಅಂದ್ರೆ ಏನು ಗೊತ್ತೇನಮ್ಮಾ?"

"ನೀವೇ ಹೇಳಿ ಟೀಚರ್."

"ಬೇರೆಯವರ ವಸ್ತುನ ಸದ್ದಿಲ್ಲದೆ ತನ್ನದು ಮಾಡಿಕೊಳ್ಳೋದು. ಇಟ್ಟುಕೊಳ್ಳೋದು ಬೇರೆ, ಮರೆತು ಇಟ್ಟುಕೊಳ್ಳೋದು ಬೇರೆ, ಇದೇ ಬೇರೆ. ಹನ್ನೆರಡು ವರ್ಷದಿಂದ ಒಂದು ನೆಗ್ಗೂ ಬೀಳದ ಹಾಗೆ ಕಾಪಾಡಿದ ಡಬ್ಬಿ ಕಣಮ್ಮಾ ಅದು!"

ಎದುರು ಮನೆಯ ಯಜಮಾನರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟು, ಇನ್ನೂ ರುಚಿಯಾದ ಸುದ್ದಿಗೆ ಕಿವಿಗೊಟ್ಟರು.

ಸೊಸೆ ಒಳಗೆ ಹೋಗಿ, ಫಳಫಳ ಹೊಳೆಯುವ ಡಬ್ಬಿಯನ್ನು ತಂದಳು. ಡಬ್ಬಿ ಸಿಕ್ಕರೆ ಸಾಕೇ? ಪರೀಕ್ಷೆ ಮಾಡದೆ ಪಾಠ ಮುಗಿಸುವ ಅಭ್ಯಾಸ ಟೀಚರಿಗೆ ಇರಲಿಲ್ಲ.

"ಅರ್ಥ ತಿಳೀತಲ್ಲ? ಹಾಗಾದ್ರೆ ಸ್ವಂತ ವಾಕ್ಯದಲ್ಲಿ ಬಳಸು, ನೋಡೋಣ."

ಸೊಸೆ ಡಬ್ಬಿಯನ್ನು ಬೋರಲು ಮಾಡಿ, ತಳದಲ್ಲಿ ಕೆತ್ತಿದ್ದ 'ಪುಟ್ಟತಾಯಮ್ಮ' ಎಂಬ ಹೆಸರಿನ ಮೇಲೆ ಬೆರಳಿಟ್ಟಳು.

"ನಮ್ಮತ್ತೆ ಪುಟ್ಟತಾಯಮ್ಮನೋರು ಗೌರಿ ಹಬ್ಬಕ್ಕೆ ಚಕ್ಕುಲಿ ತುಂಬಿ ಕಳಿಸಿದ್ದ ಡಬ್ಬೀನ ಟೀಚರ್ ಹನ್ನೆರಡು ವರ್ಷ ದಕ್ಕಿಸಿಕೊಂಡಿದ್ರು."